ಸಕ್ಕರೆ ಕಾಯಿಲೆ ಮತ್ತು ಒಂಬತ್ತೂವರೆ ಗಂಟೆಯ ಲೆಕ್ಕ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನ ಸೂಟ್‌ಕೇಸ್ ಎಷ್ಟು ತೂಗುತ್ತದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಅಂಟಿನುಂಡೆ ಎಷ್ಟು, ಸಾರಿನ ಪುಡಿ ಎಷ್ಟು, ಎಲ್ಲಕ್ಕೂ ಲೆಕ್ಕ. ಅದೇ ಅಮ್ಮ ದಿನಾ ಇನ್ಸುಲಿನ್ ತಗೊಳ್ಳುವವರಾಗಿದ್ದರೆ ಅದಕ್ಕೂ ಮುಂಚೆ ಬೇರೆ ಲೆಕ್ಕ ಹಾಕಬೇಕು. ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು ಪೂರ್ತಿ ಅಳತೆಯ ಕೆಲಸ. ಎಷ್ಟು ಹೊತ್ತಿಗೆ, ಎಷ್ಟು ಯೂನಿಟ್, ಸಕ್ಕರೆ ಅಳೆಯುವ ಮೀಟರ್‌ನಲ್ಲಿ ಎಷ್ಟು. ದೇಶ ಬದಲಾದರೆ ಈ ಮೂರೂ ಅಳತೆಗಳು ಬದಲಾಗಬಹುದು.

ಮೊದಲು ಗಡಿಯಾರ. ಗ್ಲಾರ್ಜಿನ್‌ನಂಥ ಇನ್ಸುಲಿನ್ ಚರ್ಮದ ಕೆಳಗೆ ಸಣ್ಣ ಸಣ್ಣ ಕಣಗಳಾಗಿ ಕೂತು, ನಿಧಾನವಾಗಿ ಕರಗಿ ರಕ್ತ ಸೇರುತ್ತದೆ. ಒಂದು ಡೋಸ್ ಹೆಚ್ಚುಕಡಿಮೆ 24 ಗಂಟೆ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ರಾತ್ರಿ 9ಕ್ಕೆ ಚುಚ್ಚಿಕೊಂಡು ವಿಮಾನ ಹತ್ತಿದಿರಿ ಅಂದುಕೊಳ್ಳಿ. ಮಾರನೇ ದಿನ ನ್ಯೂಯಾರ್ಕ್‌ನಲ್ಲಿ ಇಳಿದು, ಅಲ್ಲಿನ ರಾತ್ರಿ 9ರವರೆಗೆ ಕಾದಿರಿ. ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಂದರೆ ಎರಡು ಡೋಸ್‌ಗಳ ನಡುವೆ ಮೂವತ್ತಮೂರೂವರೆ ಗಂಟೆ ಕಳೆದಿದೆ. ಕೊನೆಯ ಒಂಬತ್ತೂವರೆ ಗಂಟೆ ಇನ್ಸುಲಿನ್ ಬಲವೇ ಇಲ್ಲದೆ ಸಕ್ಕರೆ ಏರುತ್ತಾ ಹೋಗುತ್ತದೆ. ಟೈಪ್ 1 (ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ ಬಗೆ) ಇರುವವರಿಗೆ ಇದು ಆಸ್ಪತ್ರೆ ಸೇರುವಷ್ಟು ಕೆಡಬಹುದು.

ವಾಪಸ್ ಬರುವಾಗ ಉಲ್ಟಾ. ನ್ಯೂಯಾರ್ಕ್‌ನ ರಾತ್ರಿ 9ರಿಂದ ಬೆಂಗಳೂರಿನ ಮಾರನೇ ರಾತ್ರಿ 9ಕ್ಕೆ ಹದಿನಾಲ್ಕೂವರೆ ಗಂಟೆ ಮಾತ್ರ. ಹಳೇ ಡೋಸ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಹೊಸದು ಸೇರುತ್ತದೆ. ಎರಡೂ ಒಟ್ಟಾಗಿ ಸಕ್ಕರೆಯನ್ನು ಕೆಳಗೆ ಎಳೆಯುತ್ತವೆ, ಅದೂ ಪ್ರಯಾಣದ ಸುಸ್ತಿನಲ್ಲಿ ಗಾಢ ನಿದ್ದೆ ಬಂದಿರುವ ಹೊತ್ತಿನಲ್ಲಿ. ನನ್ನನ್ನು ಕೇಳಿದರೆ ಜಾಸ್ತಿ ಹುಷಾರಾಗಿರಬೇಕಾದದ್ದು ವಾಪಸ್ ಪ್ರಯಾಣದಲ್ಲೇ. ಹೋಗುವಾಗ ಎಲ್ಲರೂ ಡಾಕ್ಟರನ್ನು ಕೇಳುತ್ತಾರೆ, ಬರುವಾಗ ಸುಮ್ನೆ ಬಂದುಬಿಡುತ್ತಾರೆ, ಅಲ್ವಾ?

ಇದಕ್ಕೆ ಡಾಕ್ಟರುಗಳು ಬೇರೆ ಬೇರೆ ದಾರಿ ಹೇಳುತ್ತಾರೆ. ಪಶ್ಚಿಮಕ್ಕೆ ಹೋಗುವಾಗ ನಡುವೆ ಒಂದು ಚಿಕ್ಕ ಡೋಸ್, ಪೂರ್ವಕ್ಕೆ ಬರುವಾಗ ಒಂದು ಡೋಸಿನ ಪ್ರಮಾಣ ಕಡಿಮೆ ಮಾಡುವುದು, ಅಥವಾ ಕೆಲವು ದಿನ ಮೊದಲಿಂದಲೇ ಹೊತ್ತನ್ನು ಸ್ವಲ್ಪ ಸ್ವಲ್ಪ ಸರಿಸುವುದು. ಯಾರಿಗೆ ಯಾವುದು ಎಂಬುದು ಅವರವರ ಇನ್ಸುಲಿನ್ ಮೇಲೆ ಹೋಗುತ್ತದೆ. ಹಾಗಾಗಿ ಡಾಕ್ಟರ್ ಹತ್ತಿರ ಹೋಗುವಾಗ ಎರಡೂ ಕಡೆಯ ಟಿಕೆಟ್ ಕೈಯಲ್ಲಿರಲಿ, ಗಂಟೆ ಎಣಿಸಲು ಅದು ಬೇಕು. ದುಬೈಗೆ ನಮಗಿಂತ ಒಂದೂವರೆ ಗಂಟೆ, ಸಿಂಗಪುರಕ್ಕೆ ಎರಡೂವರೆ ಗಂಟೆ ವ್ಯತ್ಯಾಸ. ಅಲ್ಲಿಗೆ ಸಾಮಾನ್ಯವಾಗಿ ಇಷ್ಟೆಲ್ಲ ತಲೆಬಿಸಿ ಇಲ್ಲ. ಮೊಬೈಲ್ ಇಳಿದ ಕೂಡಲೇ ತಾನೇ ಸಮಯ ಬದಲಿಸಿಕೊಳ್ಳುತ್ತದೆ. ಅದಕ್ಕೇ ಕೈಗಡಿಯಾರವೊಂದನ್ನು ಊರಿನ ಹೊತ್ತಿನಲ್ಲೇ ಬಿಟ್ಟುಕೊಳ್ಳುವುದು ಒಳ್ಳೆಯದು.

ಊಟದ ಮುಂಚೆ ತಗೊಳ್ಳುವ ಇನ್ಸುಲಿನ್‌ಗೆ ಗಡಿಯಾರಕ್ಕಿಂತ ತಟ್ಟೆ ಮುಖ್ಯ. ವಿಮಾನದಲ್ಲಿ ಊಟದ ಗಾಡಿ ಹೊರಟಿತು ಎಂದು ಚುಚ್ಚಿಕೊಂಡುಬಿಟ್ಟರೆ, ವಿಮಾನ ಕುಲುಕಾಡಿ ಗಾಡಿ ಅಲ್ಲೇ ನಿಂತರೂ ನಿಂತೀತು. ಊಟ ಎದುರಿಗೆ ಬಂದ ಮೇಲೆಯೇ ಸೂಜಿ ತೆಗೆಯಿರಿ. ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುವವರಿಗೂ ಊಟ ತಡವಾದರೆ ಸಕ್ಕರೆ ಇಳಿಯುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಬಹಳ ಕಡಿಮೆ. ಗ್ಲೂಕೋಸ್ ಪುಡಿ ತಲೆಮೇಲಿನ ಬ್ಯಾಗಿನಲ್ಲಿ ಬೇಡ, ಜೇಬಿನಲ್ಲಿರಲಿ.

ಇನ್ಸುಲಿನ್ ಮಾತ್ರ ಕೈಚೀಲದಲ್ಲೇ ಬರಬೇಕು. ಲಗೇಜಿಗೆ ಹಾಕಿದ ಸೂಟ್‌ಕೇಸ್ ಇನ್ನೊಂದು ಊರಿಗೆ ಹೋಗಬಹುದು, ಕೆಳಗಿನ ಚಳಿಗೆ ಔಷಧಿ ಹೆಪ್ಪುಗಟ್ಟಲೂಬಹುದು. ಇನ್ಸುಲಿನ್ ಒಂದು ಪ್ರೋಟೀನ್. ಒಮ್ಮೆ ಹೆಪ್ಪುಗಟ್ಟಿದರೆ ಅದರ ರಚನೆ ಕೆಡುತ್ತದೆ, ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ನಂಬುವಂತಿಲ್ಲ. ಐಸ್ ಪ್ಯಾಕಿಗೆ ತಾಗಿಸಿ ಇಡಬಾರದು ಎನ್ನುವುದೂ ಇದಕ್ಕೇ. ಔಷಧಿಯ ಮೂಲ ಹೆಸರಿರುವ ಡಾಕ್ಟರ್ ಚೀಟಿ ಜೊತೆಗಿದ್ದರೆ ತಪಾಸಣೆಯಲ್ಲಿ ಸಾಮಾನ್ಯವಾಗಿ ತೊಂದರೆಯಾಗದು. ಇಂಥದ್ದೇ ಚೀಟಿ ಬೇರೆ ಕೆಲವು ಔಷಧಿಗಳಿಗೆ ಸಾಲದು. ಟ್ರಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆ ಅಥವಾ ಕೆಮ್ಮಿನ ಔಷಧಿಯನ್ನು ದುಬೈಗೆ ಒಯ್ಯಲು ಮೊದಲೇ ಅನುಮತಿ ಬೇಕು. (ಅಲ್ಲಿ ಗಸಗಸೆಗೂ ನಿಷೇಧವಿದೆ. ಪಾಯಸದ ಆಸೆಯನ್ನು ಊರಲ್ಲೇ ತೀರಿಸಿಕೊಂಡು ಹೊರಡಿ.)

ಇನ್ನು ಮೀಟರ್. ನಮ್ಮಲ್ಲಿ, ಅಮೆರಿಕದಲ್ಲಿ ಸಕ್ಕರೆಯನ್ನು ಅಳೆಯುವುದು ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂದು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಮಿಲಿಮೋಲ್ ಲೆಕ್ಕ. ಅವರ ಅಂಕಿಯನ್ನು 18ರಿಂದ ಗುಣಿಸಿದರೆ ನಮ್ಮದು ಸಿಗುತ್ತದೆ. ಅವರ 10 ಎಂದರೆ ನಮ್ಮ 180. ಲಂಡನ್‌ನಲ್ಲಿ ಕೊಂಡ ಮೀಟರ್ 3.5 ಎಂದು ತೋರಿಸಿದರೆ ಅದು ನಮ್ಮ 63, ತಕ್ಷಣ ಸಿಹಿ ತಿನ್ನಬೇಕು. ನಿಮ್ಮ ಮೀಟರನ್ನೇ ಒಯ್ಯಿರಿ, ಸ್ಟ್ರಿಪ್‌ಗಳನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಇಟ್ಟುಕೊಳ್ಳಿ. ಒಂದು ಮೀಟರಿನ ಸ್ಟ್ರಿಪ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಎಲ್ಲಕ್ಕಿಂತ ಅಪಾಯದ್ದು ಸಿರಿಂಜ್. ನಮ್ಮಲ್ಲಿ ಬಾಟಲಿಯಲ್ಲಿ ಸಿಗುವ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರ್‌ಗೆ 40 ಯೂನಿಟ್. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಅಮೆರಿಕ, ಬ್ರಿಟನ್‌ಗಳು 1970, 80ರ ದಶಕಗಳಲ್ಲೇ 100 ಯೂನಿಟ್‌ಗೆ ಬದಲಾದವು. ಅದರ ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು. ನಮ್ಮ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆ ಅಂದರೆ ಅರ್ಧ ಮಿಲಿಲೀಟರ್. ಊರಿಂದ ತಂದ ಬಾಟಲಿ ಮುಗಿದು, ಅಲ್ಲಿನದನ್ನು ಕೊಂಡು, ಹಳೇ ಸಿರಿಂಜಿನಲ್ಲೇ 20ಕ್ಕೆ ಎಳೆದರೆ ಮೈಗೆ ಸೇರುವುದು 50 ಯೂನಿಟ್. ಎರಡೂವರೆ ಪಟ್ಟು! ಉಲ್ಟಾ ಆದರೆ, ಅಂದರೆ ನಮ್ಮ ಬಾಟಲಿಗೆ ಅಲ್ಲಿನ ಸಿರಿಂಜ್ ಹಾಕಿದರೆ, 20ರ ಬದಲು 8 ಯೂನಿಟ್ ಮಾತ್ರ. ಪೆನ್ ಬಳಸುವವರಿಗೆ ಈ ಗೊಂದಲ ಇಲ್ಲ. ನಮ್ಮಲ್ಲೂ ಪೆನ್ನಿನ ಕಾರ್ಟ್ರಿಡ್ಜ್ ಸಾಮಾನ್ಯವಾಗಿ 100ರದ್ದೇ, ಪೆನ್ನೇ ಯೂನಿಟ್ ಎಣಿಸಿ ಕೊಡುತ್ತದೆ. ಪ್ರಯಾಣಕ್ಕೆ ಮುಂಚೆ ಪೆನ್ನಿಗೆ ಬದಲಾಗಬಹುದೇ ಎಂದು ಡಾಕ್ಟರನ್ನು ಒಮ್ಮೆ ಕೇಳಿ ನೋಡಿ.

ಮಗ ಅಲ್ಲಿ ಕೊಡಿಸಿದ ಬಾಟಲಿ ಉಳಿದು, ಅದನ್ನು ಊರಿಗೆ ತರುವುದಾದರೆ ಕಿತ್ತಳೆ ಮುಚ್ಚಳದ ಸಿರಿಂಜುಗಳನ್ನೂ ಜೊತೆಗೇ ತನ್ನಿ. ಮನೆಯಲ್ಲಿರುವ ಕೆಂಪು ಮುಚ್ಚಳದವನ್ನು ಆ ಬಾಟಲಿ ಮುಗಿಯುವವರೆಗೆ ಬೇರೆ ಕಡೆ ಎತ್ತಿಡಿ.