ಇಸಿಯುಗೆ ದೊಡ್ಡ ಚಿಪ್: ಮೊದಲು ಒಂದನೇ ಕಾಲು ನೋಡಿ

ಹಳೆಯ ಕಾರುಗಳ ಎಷ್ಟೋ ಇಸಿಯುಗಳಲ್ಲಿ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರುಗಳಲ್ಲಿ, ಪ್ರೋಗ್ರಾಮ್ ಕೂತಿರುವುದು 28 ಕಾಲಿನ (ಪಿನ್ನಿನ) 27ಸಿ256 ಎಂಬ ಮೆಮೊರಿ ಚಿಪ್ಪಿನಲ್ಲಿ. ಅದರಲ್ಲಿ 32 ಕಿಲೋಬೈಟ್ ಹಿಡಿಯುತ್ತದೆ. ಅದೇ ನಂಬರ್ ಸಿಗದಿದ್ದರೆ 64 ಕಿಲೋಬೈಟಿನ 27ಸಿ512 ಹಾಕಬಹುದು. ಹಾಗೆ ಹಾಕಿದ ಮಾತ್ರಕ್ಕೆ ಗಾಡಿಯ ಪವರ್ ಹೆಚ್ಚುವುದಿಲ್ಲ. ಪವರ್ ಹೆಚ್ಚುತ್ತದೆ ಎಂದು ಹೇಳಿ ಗಿರಾಕಿಯಿಂದ ದುಡ್ಡು ತೆಗೆದುಕೊಳ್ಳುವುದು ತಪ್ಪು.

ಎರಡೂ ಚಿಪ್ಪುಗಳ ಕಾಲುಗಳು ಹೆಚ್ಚುಕಡಿಮೆ ಒಂದೇ. ಫರಕು ಇರುವುದು 1ನೇ ಕಾಲಿನಲ್ಲಿ. 27ಸಿ256ರಲ್ಲಿ ಅದು ಬರೆಯುವಾಗಿನ ವೋಲ್ಟೇಜಿನ ಕಾಲು, ಓದುವಾಗ ಸಾಮಾನ್ಯವಾಗಿ ಬೋರ್ಡಿನಲ್ಲೇ 5 ವೋಲ್ಟಿಗೆ ಕಟ್ಟಿರುತ್ತಾರೆ. 27ಸಿ512ರಲ್ಲಿ ಅದೇ ಕಾಲು ಎ15 ಅಡ್ರೆಸ್ ಲೈನ್, ಅಂದರೆ ಚಿಪ್ಪಿನ ಯಾವ ಅರ್ಧವನ್ನು ಓದಬೇಕೆಂದು ಆರಿಸುವ ಕಾಲು. 5 ವೋಲ್ಟ್ ಸಿಕ್ಕ ಕಾರಣ ಚಿಪ್ ಯಾವಾಗಲೂ ಮೇಲಿನ ಅರ್ಧವನ್ನೇ ಓದಿ ಕೊಡುತ್ತದೆ. ಫೈಲನ್ನು ಸೊನ್ನೆಯಿಂದ ಬರೆದು ಬಿಟ್ಟಿದ್ದರೆ ಮೇಲೆ ಎಫ್‌ಎಫ್ ಮಾತ್ರ, ಅಂದರೆ ಏನೂ ಬರೆಯದ ಖಾಲಿ ಜಾಗ, ಇರುತ್ತದೆ, ಗಾಡಿ ಚಾಲೂ ಆಗುವುದಿಲ್ಲ. ಚಿಪ್ಪೇ ಡೂಪ್ಲಿಕೇಟ್ ಎಂದು ಬಿಸಾಡುವವರು ಇದನ್ನು ಒಮ್ಮೆ ನೋಡಬೇಕು. ಫೈಲನ್ನು ಮೇಲಿನ ಅರ್ಧ ಶುರುವಾಗುವ ಹೆಕ್ಸ್ 8000 ವಿಳಾಸದಿಂದ ಬರೆಯಿರಿ. ಇನ್ನೂ ನಿಶ್ಚಿಂತೆ ಬೇಕೆಂದರೆ ಎರಡೂ ಅರ್ಧಗಳಲ್ಲಿ ಅದೇ ಫೈಲ್ ಇಡಿ. ಮೀಟರಿನಲ್ಲಿ 1ನೇ ಮತ್ತು 28ನೇ ಕಾಲಿನ ನಡುವೆ ಬೀಪ್ ಬಂದರೆ ಈ ಲೆಕ್ಕ ಸರಿ. ಬರದಿದ್ದರೆ ಆ ಕಾಲು ಎಲ್ಲಿಗೆ ಹೋಗಿದೆ ಎಂದು ಟ್ರ್ಯಾಕ್ ಹಿಡಿದು ಹುಡುಕಿ. ಕೆಲವು ಬೋರ್ಡುಗಳಲ್ಲಿ ಅಲ್ಲಿ ಜಂಪರ್ ಇರುತ್ತದೆ.

ಮಿಕ್ಕಿದ ಅರ್ಧದಲ್ಲಿ ಎರಡನೇ ಮ್ಯಾಪ್ (ಇಂಜಿನ್ ಸೆಟ್ಟಿಂಗಿನ ಇನ್ನೊಂದು ಫೈಲ್) ಇಡಬಹುದು. 1ನೇ ಕಾಲನ್ನು ಸಾಕೆಟ್ಟಿನಿಂದ ಹೊರಗೆ ಬಾಗಿಸಿ, 10 ಕಿಲೋಓಮ್ ರೆಸಿಸ್ಟರಿನಿಂದ 5 ವೋಲ್ಟಿಗೆ ಕಟ್ಟಿ, ಸ್ವಿಚ್ಚಿನ ಮೂಲಕ ಗ್ರೌಂಡಿಗೆ ಕೊಡಿ. ಸ್ವಿಚ್ ಹಾಕಿದರೆ ಕೆಳಗಿನ ಮ್ಯಾಪ್, ತೆಗೆದರೆ ಮೇಲಿನದು. ಇಂಜಿನ್ ಓಡುತ್ತಿರುವಾಗ ಮಾತ್ರ ಮುಟ್ಟಬೇಡಿ, ಪ್ರೊಸೆಸರ್ ಒಂದು ಆಜ್ಞೆಯನ್ನು ಅರ್ಧ ಓದಿರುವಾಗಲೇ ಮ್ಯಾಪ್ ಬದಲಾದರೆ ಗಾಡಿ ನಡುದಾರಿಯಲ್ಲಿ ಬಂದ್ ಬೀಳಬಹುದು.

ಹಳೆಯ ಚಿಪ್ ತೆಗೆಯುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೈಗೆ ಅರ್ಥ್ ಪಟ್ಟಿ ಕಟ್ಟಿ. ತೆಗೆದ ಮೇಲೆ ಪ್ರೋಗ್ರಾಮರಿನಲ್ಲಿ (ಚಿಪ್ ಓದಿ ಬರೆಯುವ ಸಾಧನ) ಮೂರು ಸಲ ಓದಿ ಫೈಲುಗಳನ್ನು ಹೋಲಿಸಿ. ಮೂರೂ ಒಂದೇ ಬಂದರೆ ಮಾತ್ರ ಅದು ನಂಬುವ ಬ್ಯಾಕಪ್. ಬೋರ್ಡಿಗೆ ಬೆಸುಗೆ ಹಾಕಿದ ಚಿಪ್ ಆದರೆ ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ಎತ್ತುವುದೇ ಲೇಸು, ಎಳೆದರೆ ಬೋರ್ಡಿನ ಮೇಲಿನ ತಾಮ್ರದ ಪ್ಯಾಡ್ ಕಿತ್ತು ಬರುತ್ತದೆ. ಆದರೆ ಕತ್ತರಿಸಿದ ಚಿಪ್ಪನ್ನು ಆಮೇಲೆ ಓದಲಾಗದು, ಆದ್ದರಿಂದ ಬ್ಯಾಕಪ್ ಫೈಲ್ ಬೇರೆ ಕಡೆಯಿಂದ ಮೊದಲೇ ಕೈಯಲ್ಲಿರಬೇಕು. ಆ ಜಾಗಕ್ಕೆ ದುಂಡು ಪಿನ್ನಿನ ಸಾಕೆಟ್ ಹಾಕಿ. ಚಿಪ್ಪಿನ ಕಚ್ಚು ಇರುವ ತುದಿ ಮೊದಲಿನ ದಿಕ್ಕಿಗೇ ಇರಲಿ, ತಿರುಗಿ ಕೂತರೆ ಕರೆಂಟ್ ಕೊಟ್ಟ ಕೂಡಲೇ ಚಿಪ್ ಸುಡುತ್ತದೆ.

ಚಿಪ್ಪಿನ ವೇಗವನ್ನೂ ನೋಡಬೇಕು. ಹಳೆಯದು 150 ನ್ಯಾನೋಸೆಕೆಂಡಿನದಾಗಿದ್ದರೆ ಹೊಸದು 150 ಅಥವಾ ಅದಕ್ಕಿಂತ ಕಡಿಮೆ ಇರಲಿ, ಅಂಕಿ ಕಡಿಮೆಯಾದಷ್ಟೂ ಚಿಪ್ ವೇಗ. ನಮ್ಮ ಹುಬ್ಬಳ್ಳಿ-ಗದಗ ಕಡೆಯ ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿಗೆ 0–70 ಡಿಗ್ರಿಯ ಸಾಮಾನ್ಯ ಗ್ರೇಡ್ ಬೇಡ, ಮೈನಸ್ 40ರಿಂದ 85 ಅಥವಾ 125ರದು ತರಿಸಿ. ಗಾಜಿನ ಕಿಟಕಿಯಿರುವ ಚಿಪ್ಪಾದರೆ ಬರೆದ ತಕ್ಷಣ ಬೆಳಕು ತೂರದ ಸ್ಟಿಕರ್ ಅಂಟಿಸಿ, ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ ಇದ್ದರೆ ಬರಹ ಅಳಿಸಿಹೋಗುತ್ತದೆ.