ಹೊರದೇಶದಲ್ಲಿ ಪರಿಸರ ತಂತ್ರಜ್ಞಾನ ಓದುವವರಿಗೆ ಉದ್ಯಮದ ಪಾಠ ಯಾಕೆ?

ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಎಂ.ಎಸ್., ಪಿಎಚ್‌.ಡಿ. ಅಂತ ಹೊರದೇಶಕ್ಕೆ ಹೋಗುವವರೆಲ್ಲ ಸಾಫ್ಟ್‌ವೇರ್ ಹಿಡಿಯುವುದಿಲ್ಲ. ನೀರಿನ ಶುದ್ಧೀಕರಣ, ಬ್ಯಾಟರಿ, ಸೌರಶಕ್ತಿ, ಕಸದಿಂದ ಇಂಧನ, ಇಂಥದ್ದನ್ನು ಆರಿಸಿಕೊಳ್ಳುವವರೂ ಇದ್ದಾರೆ. ಅವರ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ, "ಇದನ್ನ ಓದಿದ್ರೆ ಕೆಲಸ ಸಿಗುತ್ತಾ?" ನ್ಯಾಯವಾದ ಪ್ರಶ್ನೆಯೇ. ಸಾಲ ಮಾಡಿ ಕಳಿಸಿರುತ್ತಾರೆ ಅಲ್ವಾ?

ಸಾಫ್ಟ್‌ವೇರ್ ಕಲಿತವರಿಗೆ ಕೆಲಸ ಕೊಡುವ ಕಂಪನಿಗಳು ಮೊದಲೇ ಇವೆ. ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಹೊಸ ವಿಧಾನ ಕಂಡುಹಿಡಿದವರಿಗೆ ಹಾಗಲ್ಲ. ಅದನ್ನು ತಯಾರಿಸಿ ಮಾರುವ ಕಂಪನಿ ಎಷ್ಟೋ ಸಲ ಇನ್ನೂ ಹುಟ್ಟೇ ಇರುವುದಿಲ್ಲ. ಹೊರದೇಶದ ವಿಶ್ವವಿದ್ಯಾಲಯಗಳು ವಿಜ್ಞಾನ ಓದುವವರಿಗೂ ಉದ್ಯಮಶೀಲತೆಯ ತರಬೇತಿ ಕೊಡಲು ಇದೂ ಒಂದು ಕಾರಣ. ಕಂಪನಿ ಶುರು ಮಾಡಿಸುವುದಕ್ಕಿಂತ ಈ ತರಬೇತಿಯ ದೊಡ್ಡ ಉಪಯೋಗ ಬೇರೆಯೇ ಇದೆ. ಅದು ಸಂಶೋಧಕರನ್ನು ಲ್ಯಾಬಿನಿಂದ ಎಬ್ಬಿಸಿ, ಬಳಸುವ ಜನರ ಮುಂದೆ ಕೂರಿಸುತ್ತದೆ. ಇದು ಬೆಳೆದು ಬಂದ ದಾರಿ ನೋಡಿದ ಮೇಲೆ ನನಗೆ ಹಾಗನ್ನಿಸಿದೆ.

ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 1947ರಲ್ಲೇ ಈ ವಿಷಯದ ಪಾಠ ಶುರು ಮಾಡಿತ್ತು. ಆದರೆ ಅದು ವ್ಯಾಪಾರ ಓದುವವರಿಗೆ. ವಿಜ್ಞಾನಿಗಳ ಕಡೆಗೆ ಗಮನ ತಿರುಗಿದ್ದು 1980ರ ಬೇ-ಡೋಲ್ ಕಾಯ್ದೆಯ ನಂತರ. ಅದಕ್ಕೂ ಮೊದಲು ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯ ಪೇಟೆಂಟ್ ಸಾಮಾನ್ಯವಾಗಿ ಸರ್ಕಾರದ ಕೈಗೇ ಹೋಗುತ್ತಿತ್ತು. ಬಹಳಷ್ಟು ಬಳಕೆಗೆ ಬಾರದೆ ಉಳಿಯುತ್ತಿದ್ದವು. ಕಾಯ್ದೆ ಬಂದ ಮೇಲೆ ವಿಶ್ವವಿದ್ಯಾಲಯಗಳೇ ಹಕ್ಕು ಇಟ್ಟುಕೊಂಡು ಬೇರೆಯವರಿಗೆ ಬಳಸಲು ಕೊಡುವುದಕ್ಕೆ ದಾರಿಯಾಯಿತು. 2002ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ (ಎಂ.ಐ.ಟಿ.) ದೇಶಪಾಂಡೆ ಸೆಂಟರ್ ಶುರುವಾಯಿತು. ಲ್ಯಾಬಿನಲ್ಲಿರುವ ಐಡಿಯಾವನ್ನು ಮಾರುಕಟ್ಟೆಯವರೆಗೆ ತರಲು ಹಣ, ಮಾರ್ಗದರ್ಶನ ಎರಡನ್ನೂ ಕೊಡುವ ಕೇಂದ್ರ ಅದು. ದೇಣಿಗೆ ಕೊಟ್ಟ ಗುರುರಾಜ ದೇಶಪಾಂಡೆ ನಮ್ಮ ಹುಬ್ಬಳ್ಳಿ ಕಡೆಯವರು. ಅವರೂ ಒಂದು ಕಾಲಕ್ಕೆ ಕೆನಡಾದಲ್ಲಿ ಸ್ನಾತಕೋತ್ತರ ಪದವಿ, ಪಿಎಚ್‌.ಡಿ. ಓದಿದ ವಿದೇಶಿ ವಿದ್ಯಾರ್ಥಿಯೇ.

2011ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 'ಐ-ಕೋರ್' ಎಂಬ ತರಬೇತಿ ಆರಂಭಿಸಿತು. ತಂಡದಲ್ಲಿ ಒಬ್ಬ ಪ್ರಾಧ್ಯಾಪಕರು, ಉದ್ಯಮದ ಅನುಭವ ಇರುವ ಒಬ್ಬ ಮಾರ್ಗದರ್ಶಕರು, ಜೊತೆಗೆ ಮುಂದಾಳಾಗಿ ಸಾಮಾನ್ಯವಾಗಿ ಒಬ್ಬ ಸಂಶೋಧನಾ ವಿದ್ಯಾರ್ಥಿ ಇರುತ್ತಾರೆ. ಇವರು ಏಳು ವಾರಗಳಲ್ಲಿ ಸುಮಾರು 100 ಜನರನ್ನು ಕಂಡು ಮಾತಾಡಬೇಕು. ತಮ್ಮ ಯಂತ್ರವನ್ನು ಹೊಗಳುವ ಹಾಗಿಲ್ಲ. ನಿಮ್ಮ ತೊಂದರೆ ಏನು, ಈಗ ಹೇಗೆ ನಿಭಾಯಿಸುತ್ತೀರಿ, ಅದಕ್ಕೆ ಎಷ್ಟು ಖರ್ಚು ಅಂತ ಕೇಳಬೇಕು, ಸುಮ್ನೆ ಕೇಳಿಸಿಕೊಳ್ಳಬೇಕು.

ಇದೆಲ್ಲ ಅಮೆರಿಕದಲ್ಲಿ ಮಾತ್ರ ನಡೆದದ್ದು ಅಂದುಕೊಳ್ಳಬೇಕಾಗಿಲ್ಲ. 1964ರಲ್ಲಿ ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಡಿಸಿ ನೋಡಿದ್ದರು. ಉದ್ಯಮ ಮಾಡುವ ಗುಣವನ್ನು ಕಲಿಸಬಹುದು ಎಂಬ ನಂಬಿಕೆ ನಮ್ಮ ದೇಶದಲ್ಲಿ ಬಲವಾಗಲು ಆ ಪ್ರಯೋಗ ಕಾರಣವಾಯಿತು. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ಉಜಿರೆಯಲ್ಲಿ ಸ್ವಂತ ಉದ್ಯೋಗದ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಶುರು ಮಾಡಿದರು. ಚಿತ್ರದುರ್ಗದಲ್ಲೂ ಅದರ ಶಾಖೆ ಇದೆ. ಹೈನುಗಾರಿಕೆ, ಹೊಲಿಗೆ, ಮೊಬೈಲ್ ರಿಪೇರಿ ಕಲಿಯಲು ಬಂದ ಹಳ್ಳಿಯ ಯುವಕ ಯುವತಿಯರಿಗೆ ಅಲ್ಲಿ ಮಾರುಕಟ್ಟೆ ಸಮೀಕ್ಷೆಯನ್ನೂ ಕಲಿಸುತ್ತಾರೆ. ಎಸ್ಸೆಸ್ಸೆಲ್ಸಿ ಓದಿದವರಿಗೆ ನಾವು ಇಷ್ಟು ವರ್ಷದಿಂದ ಕಲಿಸುತ್ತಿರುವುದನ್ನು ಎಂಜಿನಿಯರಿಂಗ್ ಓದುವವರಿಗೆ ಯಾಕೆ ಅಷ್ಟು ಶ್ರದ್ಧೆಯಿಂದ ಕಲಿಸಲಿಲ್ಲ ಎಂಬ ಬೇಸರ ನನಗಿದೆ.

ಇಂಥ ತರಬೇತಿ ಸುಲಭವಾಗಿ ಸಿಗದ ಕಾಲದಲ್ಲಿ, ಬಳಸುವವರನ್ನೇ ಕೇಳಿ ಕಲಿಯುವ ದಾರಿ ಹಿಡಿದವರು ಹರೀಶ್ ಹಂದೆ. ಕುಂದಾಪುರ ಕಡೆಯ ಕುಟುಂಬದವರು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಕ್ಯಾಂಪಸ್‌ನಲ್ಲಿ ಇಂಧನ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದರು. ಡೊಮಿನಿಕನ್ ರಿಪಬ್ಲಿಕ್‌ಗೆ ಹೋದಾಗ ಬಡವರ ಮನೆಗಳಲ್ಲಿ ಸೋಲಾರ್ ದೀಪ ನೋಡಿ, ತಮ್ಮ ಸಂಶೋಧನೆಯನ್ನೇ ಹಳ್ಳಿಗಳ ವಿದ್ಯುತ್ ಕಡೆಗೆ ತಿರುಗಿಸಿದರು. ಶ್ರೀಲಂಕಾದ ಹಳ್ಳಿಗಳಲ್ಲಿ ಉಳಿದು ನೋಡಿದರು. 1995ರಲ್ಲಿ ಅಮೆರಿಕದ ನೆವಿಲ್ ವಿಲಿಯಮ್ಸ್ ಜೊತೆ ಸೋಲಾರ್ ದೀಪ ಒದಗಿಸುವ ಸೆಲ್ಕೋ ಕಂಪನಿ ಕಟ್ಟಿದರು. 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೀದಿ ವ್ಯಾಪಾರಿಯೊಬ್ಬರು ತಮಗೆ ಹೇಳಿದ ಮಾತನ್ನು ಹಂದೆ ಆಗಾಗ ನೆನೆಯುತ್ತಾರೆ. ದೀಪಕ್ಕೆ ತಿಂಗಳಿಗೆ 300 ರೂಪಾಯಿ ಕಷ್ಟ, ದಿನಕ್ಕೆ 10 ರೂಪಾಯಿ ಆದರೆ ಕೊಡಬಹುದು ಅಂತ. ಎರಡೂ ಲೆಕ್ಕ ಒಂದೇ. ಆದರೆ ಆ ವ್ಯಾಪಾರಿಯ ಕೈಗೆ ದುಡ್ಡು ಬರುವುದು ದಿನದಿನಕ್ಕೆ. ಇದು ಯಾವ ಲ್ಯಾಬಿನಲ್ಲೂ ಗೊತ್ತಾಗುವುದಿಲ್ಲ.

ಈಗ ಚಿತ್ರದುರ್ಗದ ನೀರಿಗೆ ಬರೋಣ. ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಜಾಸ್ತಿ. ಒಂದು ಲೀಟರ್ ಕುಡಿಯುವ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಇನ್ನೂ ಜಾಸ್ತಿಯಾದರೆ ಮೂಳೆ ಕೆಡುತ್ತದೆ. ಆಲಂ, ಸುಣ್ಣ ಹಾಕಿ ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನವನ್ನು ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) 1970ರ ದಶಕದಲ್ಲೇ ರೂಪಿಸಿತ್ತು. ವಿಜ್ಞಾನ ಸರಿಯಾಗೇ ಇತ್ತು. ಆದರೆ ದಿನಾ ಅಳತೆ ನೋಡಿ ಹಾಕಿ, ಕಲಕಿ, ತಿಳಿಯಾಗಲು ಬಿಟ್ಟು, ಕೆಳಗೆ ಕೂತ ಕೆಸರನ್ನು ಚೆಲ್ಲುವವರು ಯಾರು? ಆಮೇಲೆ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಬಂತು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಅದರಲ್ಲೂ ಫಿಲ್ಟರ್ ಕೆಟ್ಟಾಗ ಬದಲಿಸುವವರು ಬೇಕು. ಫ್ಲೋರೈಡ್ ಸೇರಿ ಹೊರಬರುವ ತ್ಯಾಜ್ಯ ನೀರನ್ನು ಎಲ್ಲಿಗೆ ಬಿಡುವುದು ಅಂತಲೂ ಯೋಚಿಸಬೇಕು.

ಹೊರದೇಶದಲ್ಲಿ ಕೂತು ಹೊಸ ಫಿಲ್ಟರ್ ಮಾಡುವವರಿಗೆ ಇದೆಲ್ಲ ಕೇಳಿಯೇ ಗೊತ್ತಾಗಬೇಕು. ನೀರು ಕುಡಿಯುವವರು ಒಬ್ಬರು. ಹಣ ಕೊಡುವುದು ಪಂಚಾಯಿತಿ ಅಥವಾ ಇಲಾಖೆ. ನೋಡಿಕೊಳ್ಳುವವರು ಗುತ್ತಿಗೆದಾರರು. ಮೂವರ ತೊಂದರೆಯೂ ಬೇರೆ. ಹೀಗೆ ಬಿಡಿಸಿ ನೋಡುವುದನ್ನೇ ತರಬೇತಿ ಕಲಿಸುತ್ತದೆ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳದ್ದೂ ಇದೇ ಕಥೆ. ಬಿಸಿ ಮರಳಿನ ಹತ್ತಿರ ದಿನವಿಡೀ ನಿಲ್ಲುವವರಿಗೆ ಹೊಗೆಯ ತೊಂದರೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಭತ್ತದ ಹೊಟ್ಟು ಕೈಗೆಟಕುವ ಇಂಧನ. ಹೊಸ ಒಲೆ ತಂದವರು ಮೊದಲು ಆ ಮನೆಯ ದಿನದ ಲೆಕ್ಕ ಕೇಳಬೇಕು. ಹೊಟ್ಟು ಯಾವ ಬೆಲೆಗೆ, ಯಾರಿಂದ, ಸಾಲಕ್ಕೋ ನಗದಿಗೋ? ಒಲೆ ಬದಲಿಸಿದರೆ ಮಂಡಕ್ಕಿ ಅಷ್ಟೇ ಚೆನ್ನಾಗಿ ಅರಳುತ್ತಾ?

ವಿದೇಶಿ ವಿದ್ಯಾರ್ಥಿಗಳಿಗೆ ಇನ್ನೊಂದು ತೊಡಕು ವೀಸಾದ್ದು. 2023-24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು, ಚೀನಾದವರಿಗಿಂತ ಹೆಚ್ಚು. ಇವರು ಓದುವಾಗ ಅನುಮತಿಯಿಲ್ಲದೆ ಕ್ಯಾಂಪಸ್ ಹೊರಗೆ ದುಡಿಯುವಂತಿಲ್ಲ, ಸ್ವಂತ ಕಂಪನಿಯಲ್ಲೂ. ಪದವಿ ಮುಗಿದ ಮೇಲೆ 12 ತಿಂಗಳ ಕೆಲಸದ ಅವಕಾಶದಲ್ಲಿ ಸ್ವಂತ ಉದ್ಯಮ ನಡೆಸಬಹುದು. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು ಸಿಗುತ್ತದೆ, 2016ರಿಂದ ಹೀಗಿದೆ. ಆದರೆ ಆ ಅವಧಿಯಲ್ಲಿ, ಕೆಲಸ ಕೊಟ್ಟವರು ಸಹಿ ಹಾಕಬೇಕಾದ ತರಬೇತಿ ಯೋಜನೆಗೆ ತಮಗೆ ತಾವೇ ಮಾಲೀಕರಾಗಿ ಸಹಿ ಹಾಕುವಂತಿಲ್ಲ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಂತೂ ಸ್ವಂತ ಉದ್ಯೋಗಕ್ಕೆ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಹಾಗಾಗಿ ಮೊದಲ ವರ್ಷದಲ್ಲೇ ಇದು ಗೊತ್ತಿದ್ದರೆ ಒಳ್ಳೆಯದು. ಸಹಪಾಠಿಯ ಕಂಪನಿ ಸೇರುವುದೋ, ದೊಡ್ಡ ಸಂಸ್ಥೆಯ ಒಳಗೇ ಪರಿಸರದ ಕೆಲಸ ಹಿಡಿಯುವುದೋ, ಊರಿಗೆ ಬರುವುದೋ ಅಂತ ಯೋಚಿಸಲು ಸಮಯ ಸಿಗುತ್ತದೆ. ಜನರನ್ನು ಕೇಳಿ ತಿಳಿಯುವ ಅಭ್ಯಾಸ ಮೂರರಲ್ಲೂ ಕೆಲಸಕ್ಕೆ ಬರುತ್ತದೆ.

ಊರಿಗೆ ಬರುವವರಿಗೆ ಈಗ ಹಿಂದಿನಷ್ಟು ಕತ್ತಲಿಲ್ಲ. 2016ರಲ್ಲಿ ಹೊಸ ಕಂಪನಿಗಳಿಗೆ ನೆರವಾಗಲು ಕೇಂದ್ರ ಸರ್ಕಾರದ ಸ್ಟಾರ್ಟ್‌ಅಪ್ ಇಂಡಿಯಾ ಬಂತು. 2021ರ ಸೀಡ್ ಫಂಡ್ ಯೋಜನೆಯಲ್ಲಿ ಮಾದರಿ ತಯಾರಿಸಿ ಪರೀಕ್ಷಿಸಲು 20 ಲಕ್ಷ ರೂಪಾಯಿವರೆಗೆ ಅನುದಾನ ಇಟ್ಟರು. ಹೊಸ ಕಂಪನಿಗಳಿಗೆ ಅನುದಾನ ಕೊಡುವ ಕರ್ನಾಟಕದ ಎಲಿವೇಟ್ ಯೋಜನೆ 2017ರದ್ದು. ಕೊರತೆ ಇರುವುದು ಈ ಹಣಕ್ಕೂ ಭಟ್ಟಿಗೂ ನಡುವೆ. ಹೊರಗೆ ಓದುತ್ತಿರುವವರು ರಜೆಗೆ ಬಂದಾಗ ಕಾಲೇಜುಗಳು ಅವರನ್ನು ಭಾಷಣಕ್ಕೆ ಕರೆದು ಶಾಲು ಹೊದಿಸುವುದರ ಜೊತೆಗೆ ಇನ್ನೊಂದು ಕೆಲಸ ಮಾಡಬಹುದು. ಮೂರನೇ ವರ್ಷದ ನಾಲ್ಕು ಹುಡುಗ ಹುಡುಗಿಯರನ್ನು ಅವರ ಜೊತೆ ಸೇರಿಸಿ ಭಟ್ಟಿಗಳಿಗೆ, ಪಂಚಾಯಿತಿಗಳಿಗೆ ಕಳಿಸಬಹುದು. ಅತಿಥಿ ಮರಳಿ ಹೋದ ಮೇಲೂ ಈ ಮಕ್ಕಳು ಕೇಳುತ್ತಾ, ಬರೆದುಕೊಳ್ಳುತ್ತಾ, ಅಲ್ಲಿಗೆ ಕಳಿಸುತ್ತಾ ಇರಬಹುದು. ಇದಕ್ಕೆ ಬೇಕಾಗುವುದು ಬಸ್ ಚಾರ್ಜು, ಒಂದು ನೋಟ್‌ಬುಕ್ಕು, ಹಾಜರಿ ಕೊಡಲು ಒಪ್ಪುವ ಒಬ್ಬ ಮೇಷ್ಟ್ರು.