ಏಪ್ರಿಲ್ ರಜೆಯಲ್ಲಿ ಮಕ್ಕಳೊಂದಿಗೆ ಚಾರಣ: ಮೊದಲ ಸಲಕ್ಕೆ ಯಾವ ಜಾಗ?

ಪ್ರಶ್ನೆ: ನಮ್ಮ ಮಕ್ಕಳಿಗೆ ಎಂಟು ಮತ್ತು ಹನ್ನೊಂದು ವರ್ಷ. ಬೆಂಗಳೂರಿನ ಸುತ್ತಮುತ್ತಲ ಬೆಟ್ಟಗಳನ್ನು ಹತ್ತಿ ಅಭ್ಯಾಸವಿದೆ. ಏಪ್ರಿಲ್ ರಜೆಯಲ್ಲಿ ಬೆನ್ನಿಗೆ ಬ್ಯಾಗು ಹಾಕಿಕೊಂಡು ನಡೆದು, ಒಂದು ರಾತ್ರಿಯಾದರೂ ಟೆಂಟಿನಲ್ಲಿ ಮಲಗಬೇಕೆಂದು ಅವರ ಆಸೆ. ಎಲ್ಲಿಗೆ ಹೋಗಬಹುದು?

ಉತ್ತರ: ಯುಗಾದಿಯ ಹೊತ್ತಿಗೆ ನಮ್ಮ ಪಶ್ಚಿಮ ಘಟ್ಟದ ಹುಲ್ಲುಗಾವಲುಗಳು ಒಣಗಿ ನಿಂತಿರುತ್ತವೆ. ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಕುಮಾರಪರ್ವತವೂ ಸೇರಿದಂತೆ ಹಲವು ಚಾರಣ ದಾರಿಗಳನ್ನು ಬೇಸಿಗೆಯಲ್ಲಿ ಮುಚ್ಚುತ್ತದೆ. ತೆರೆದಿರುವ ಕಡೆಯೂ ತೊರೆಗಳಲ್ಲಿ ನೀರಿರುವುದಿಲ್ಲ. ಆದ್ದರಿಂದ ಉತ್ತರಕ್ಕೆ ಹೋಗುವುದೇ ಸರಿ. ನನ್ನ ಆಯ್ಕೆ ಉತ್ತರಾಖಂಡದ ರುದ್ರಪ್ರಯಾಗ ಜಿಲ್ಲೆಯ ಸಾರಿ ಎಂಬ ಹಳ್ಳಿ ಮತ್ತು ಅದರ ಮೇಲಿರುವ ದೇವರಿಯಾ ತಾಲ್ ಸರೋವರ.

ಮಕ್ಕಳೊಂದಿಗೆ ಹೊರಡುವವರು ಸಾಮಾನ್ಯವಾಗಿ ಯಾವ ಶಿಖರ, ಎಷ್ಟು ಕಿಲೋಮೀಟರ್ ಎಂದು ಮೊದಲು ನೋಡುತ್ತಾರೆ. ನಾನು ಮೊದಲು ನೋಡುವುದು ಎರಡನ್ನು: ಮಗು ರಾತ್ರಿ ಮಲಗುವ ಜಾಗ ಎಷ್ಟು ಎತ್ತರದಲ್ಲಿದೆ, ಮತ್ತು ಅಲ್ಲಿಂದ ರಸ್ತೆಗೆ ಇಳಿಯಲು ಎಷ್ಟು ಹೊತ್ತು ಬೇಕು. ಗಾಳಿ ತೆಳುವಾಗುವುದರಿಂದ ಬರುವ ತಲೆನೋವು, ವಾಕರಿಕೆ, ನಿದ್ರೆಗೆಡುವಿಕೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತವೆ. ದೊಡ್ಡವರು ತಲೆ ನೋಯುತ್ತಿದೆ ಎನ್ನುತ್ತಾರೆ. ಚಿಕ್ಕ ಮಕ್ಕಳು ಹಾಗೆನ್ನದೆ ಸುಮ್ಮನೆ ಹಟ ಮಾಡುತ್ತಾರೆ, ಊಟ ಬೇಡವೆನ್ನುತ್ತಾರೆ, ಆಟದಲ್ಲಿ ಆಸಕ್ತಿ ಕಳೆದುಕೊಳ್ಳುತ್ತಾರೆ. ಅದನ್ನು ದಣಿವು ಎಂದುಕೊಂಡು ಇನ್ನೂ ಮೇಲಕ್ಕೆ ಕರೆದೊಯ್ಯುವುದು ಅಪಾಯ. ಕೆಳಗಿಳಿಯುವುದೇ ಇದಕ್ಕೆ ನಂಬಬಹುದಾದ ಮದ್ದು, ಮತ್ತು ಇಳಿಯುವ ದಾರಿ ಚಿಕ್ಕದಾಗಿದ್ದರೆ ಮಾತ್ರ ಆ ಮದ್ದು ಕೈಗೆ ಸಿಗುತ್ತದೆ.

ಈ ಲೆಕ್ಕದಲ್ಲಿ ಸಾರಿ ಚೆನ್ನಾಗಿ ಹೊಂದುತ್ತದೆ. ಋಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗದ ಮೂಲಕ ಊಖೀಮಠಕ್ಕೆ ಸುಮಾರು 180 ಕಿಲೋಮೀಟರ್ ದೂರ. ತಿರುವುಗಳ ರಸ್ತೆಯಾದ್ದರಿಂದ ಇಡೀ ಹಗಲು ಹಿಡಿಯುತ್ತದೆ, ವಾಂತಿಯ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳಿ ಮೊದಲೇ ಇಟ್ಟುಕೊಳ್ಳಿ. ಸುಮಾರು 1,300 ಮೀಟರ್ ಎತ್ತರದ ಊಖೀಮಠದಲ್ಲಿ ಒಂದು ರಾತ್ರಿ ತಂಗಿ. ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಓಂಕಾರೇಶ್ವರ ದೇವಾಲಯ ಇಲ್ಲಿದೆ. ವೀರಶೈವ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠವೂ ಇಲ್ಲಿಯದೇ ಆದ್ದರಿಂದ ಕರ್ನಾಟಕದಿಂದ ಹೋದವರಿಗೆ ಈ ಊರು ತೀರಾ ಪರಕೀಯ ಅನಿಸುವುದಿಲ್ಲ. ಮಾರನೆಯ ರಾತ್ರಿಯನ್ನು ಸುಮಾರು 2,000 ಮೀಟರ್ ಎತ್ತರದ ಸಾರಿಯ ಹೋಂಸ್ಟೇಯಲ್ಲಿ ಕಳೆದು, ಮೂರನೆಯ ದಿನ ಸರೋವರಕ್ಕೆ ಹತ್ತಿ. ಸರೋವರ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ದೇಹ ಹೊಂದಿಕೊಳ್ಳಲು ಇದಕ್ಕಿಂತ ಹದವಾದ ಏರಿಕೆ ಸಿಗುವುದು ಕಷ್ಟ.

ಹತ್ತುವ ದಾರಿ ಮೂರು ಕಿಲೋಮೀಟರಿಗೂ ಕಡಿಮೆ. ಹಳ್ಳಿಯ ಮನೆಗಳ ನಡುವಿನಿಂದಲೇ ಕಲ್ಲು ಹಾಸಿದ ಹಾದಿ ಶುರುವಾಗುತ್ತದೆ. ಸ್ವಲ್ಪ ಏರಿ ಹಿಂತಿರುಗಿದರೆ ಸಾರಿಯ ಮೆಟ್ಟಿಲುಗದ್ದೆಗಳೂ ಚಾವಣಿಗಳೂ ಕಾಲ ಕೆಳಗೆ ಕಾಣುತ್ತವೆ. ಆಮೇಲೆ ಬುರಾಂಶ್ ಮರಗಳು. ಉತ್ತರಾಖಂಡದ ರಾಜ್ಯವೃಕ್ಷವಾದ ಇದು ಮಾರ್ಚ್‌ನಿಂದ ಏಪ್ರಿಲ್‌ವರೆಗೆ ಗೊಂಚಲು ಗೊಂಚಲಾಗಿ ಕೆಂಪು ಹೂ ಬಿಡುತ್ತದೆ, ಉದುರಿದ ಹೂಗಳು ಹಾದಿಯ ಮೇಲೂ ಬಿದ್ದಿರುತ್ತವೆ. ಯಕ್ಷನು ಧರ್ಮರಾಯನಿಗೆ ಪ್ರಶ್ನೆ ಕೇಳಿದ ಕೊಳ ಇದೇ ಎಂದು ಸ್ಥಳೀಯರು ನಂಬುತ್ತಾರೆ. ಆ ಕಥೆಯನ್ನು ಏರುದಾರಿಯಲ್ಲಿ ಹೇಳುತ್ತ ಹೋದರೆ ಎಂಟು ವರ್ಷದ ಕಾಲುಗಳು ತಾವಾಗಿಯೇ ಮುಂದೆ ಸಾಗುತ್ತವೆ. ಗಾಳಿಯಿಲ್ಲದ ಬೆಳಗ್ಗೆ ಚೌಖಂಬಾ ಶಿಖರದ ಪ್ರತಿಬಿಂಬ ನೀರಿನಲ್ಲಿ ಮೂಡುತ್ತದೆ. ಮೋಡ ಕವಿಯುವ ಮೊದಲೇ ಮಕ್ಕಳನ್ನು ಎಬ್ಬಿಸಿ. ಟೆಂಟ್ ಎಲ್ಲಿ ಹಾಕಬಹುದೆಂಬ ಅರಣ್ಯ ಇಲಾಖೆಯ ನಿಯಮವನ್ನು ಸಾರಿಯಲ್ಲೇ ವಿಚಾರಿಸಿಕೊಂಡು ಹೊರಡಿ.

ಅಲ್ಲಿಂದ ರೋಹಿಣಿ ಬುಗ್ಯಾಲ್ ಎಂಬ ಹುಲ್ಲುಗಾವಲಿನ ಮೂಲಕ ಚೋಪ್ತಾ ಎಂಬ ಪುಟ್ಟ ಊರಿಗೆ ಬೆಟ್ಟದ ಏಣಿನ ಮೇಲೆ ನಡೆದು ಹೋಗುವ ದಾರಿಯನ್ನು ಹಲವರು ಸೂಚಿಸುತ್ತಾರೆ. ಸೊಗಸಾದ ದಾರಿ, ಆದರೆ ಒಂದೇ ದಿನಕ್ಕೆ ಸುಮಾರು 15 ಕಿಲೋಮೀಟರ್. ನಡುವೆ ಬೇಗ ರಸ್ತೆಗೆ ಇಳಿಯುವ ಸೌಕರ್ಯವಿಲ್ಲ, ನೀರೂ ಕಡಿಮೆ. ನಿಮ್ಮ ಚಿಕ್ಕ ಮಗುವಿಗೆ ಇದು ಬೇಡ. ಸಾರಿ ಹಳ್ಳಿಗೆ ಇಳಿದು ಜೀಪಿನಲ್ಲಿ ಚೋಪ್ತಾ ಸೇರಿ, ಒಂದು ರಾತ್ರಿ ತಂಗಿ, ಮರುದಿನ ತುಂಗನಾಥ ಶಿವಾಲಯದ ಹಾದಿಯಲ್ಲಿ ಮಕ್ಕಳು ನಡೆದಷ್ಟು ನಡೆದು ಹಿಂತಿರುಗಿ. ತುಂಗನಾಥ 3,400 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಏಪ್ರಿಲ್‌ನಲ್ಲಿ ಹಾದಿಯಲ್ಲಿ ಹಿಮ ಉಳಿದಿರಬಹುದು. ಹಿಮ ಗಟ್ಟಿಯಾಗಿ ಜಾರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಶಾಲೆಗೆ ರಜೆ ಸಿಕ್ಕ ಕೂಡಲೇ ಹೊರಡುವುದು ಒಳ್ಳೆಯದು. ಏಪ್ರಿಲ್ ಕೊನೆ ಅಥವಾ ಮೇ ಆರಂಭದಲ್ಲಿ ಕೇದಾರನಾಥ, ಬದರಿನಾಥದ ಬಾಗಿಲು ತೆರೆದರೆ ಇದೇ ರಸ್ತೆಯಲ್ಲಿ ಯಾತ್ರಿಕರ ವಾಹನಗಳು ತುಂಬಿ, ಕೊಠಡಿಗಳ ಬಾಡಿಗೆಯೂ ಏರುತ್ತದೆ. ಈ ಕಾಲದಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಆಲಿಕಲ್ಲು ಮಳೆ ಸಾಮಾನ್ಯವಾದ್ದರಿಂದ ನಡಿಗೆಯನ್ನು ಮಧ್ಯಾಹ್ನದೊಳಗೆ ಮುಗಿಸಬೇಕು.

ಮಕ್ಕಳ ಬ್ಯಾಗಿನ ತೂಕ ಅವರ ದೇಹತೂಕದ ಹತ್ತರಲ್ಲಿ ಒಂದು ಭಾಗವನ್ನು ಮೀರದಿರಲಿ. ಇಪ್ಪತ್ತೈದು ಕಿಲೋ ತೂಗುವ ಮಗುವಿಗೆ ಎರಡೂವರೆ ಕಿಲೋ ಸಾಕು: ನೀರಿನ ಬಾಟಲಿ, ರೇನ್‌ಕೋಟು, ಸ್ವೆಟರ್, ತಿನ್ನಲು ಒಂದಿಷ್ಟು ಚಿಕ್ಕಿ. ಸ್ಲೀಪಿಂಗ್ ಬ್ಯಾಗು, ಟೆಂಟು ದೊಡ್ಡವರ ಹೆಗಲಿಗೆ, ಇಲ್ಲವೆ ಸಾರಿಯಲ್ಲಿ ಬಾಡಿಗೆಗೆ ಗೊತ್ತುಮಾಡಿಕೊಂಡ ಹೇಸರಗತ್ತೆಯ ಬೆನ್ನಿಗೆ.